ಹುರುಳಿ ಮೇಲೆ ಗಾಲಿ ಹೊರಳಬಹುದು, ಮೆಣಸಿನಕಾಯಿ ಮೇಲಲ್ಲ

ಮೊನ್ನೆ ಹಾವೇರಿ ಬಸ್ ನಿಲ್ದಾಣದ ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತ ಕುಳಿತಿದ್ದೆ. ಹೊಸದಾಗಿ ನೌಕರಿಗೆ ಸೇರಿದ ಡ್ರೈವರ್ ಒಬ್ಬ ಎದುರಿಗೆ ಬಂದು ಕುಳಿತು, "ನೀವು ಭಾಳ ವರ್ಷ ಗಾಡಿ ಹೊಡದೀರಿ, ನಮಗೂ ಏನರ ನಾಕು ಮಾತು ಹೇಳ್ರಿ" ಎಂದ. "ಹಾರ್ನ್ ಕಡಿಮಿ ಹೊಡಿ, ಕೆಳಗಿಳಿದು ಮಾತಾಡೋದು ಜಾಸ್ತಿ ಮಾಡು" ಎಂದೆ. ಅವನ ಮುಖ ಸಪ್ಪಗಾಯಿತು. ಡೀಸೆಲ್ ಉಳಿಸುವ ಗುಟ್ಟೋ, ಸಾಹೇಬರನ್ನು ಒಲಿಸಿಕೊಳ್ಳುವ ಉಪಾಯವೋ ಸಿಗುತ್ತದೆಂದು ಬಂದಿದ್ದನೇನೋ. ಅವನಿಗೆ ಅರ್ಧ ಹೇಳಿದ್ದನ್ನು ಇಲ್ಲಿ ಪೂರಾ ಬರೆಯುತ್ತಿದ್ದೇನೆ. ನನಗೆ ಯಾವ ವರ್ಷ ಬಡ್ತಿ ಬಂತು, ಯಾವ ಪದಕ ಸಿಕ್ಕಿತು ಎಂಬ ವಿವರ ಇದರಲ್ಲಿಲ್ಲ. ಬಡ್ತಿ ಬರಲಿಲ್ಲ, ಪದಕವೂ ಸಿಗಲಿಲ್ಲ.

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಈ ಮೂರು ಊರುಗಳ ನಡುವೆಯೇ ನನ್ನ ನೌಕರಿ ಮುಗಿಯಿತು. ರಸ್ತೆ ಎಲ್ಲರದು ಎಂದು ಲೈಸೆನ್ಸ್ ಪರೀಕ್ಷೆಯ ಪುಸ್ತಕದಲ್ಲಿ ಬರೆದಿರುತ್ತದೆ. ನಮ್ಮ ಕಡೆಯ ಜನ ಅದನ್ನು ತಮ್ಮೊಬ್ಬರದೇ ಎಂದು ಓದಿಕೊಂಡಿದ್ದಾರೆ. ಒಮ್ಮೆ ರಾಣೆಬೆನ್ನೂರಿನ ಪೇಟೆಯಲ್ಲಿ ಇಬ್ಬರು ಹಿರಿಯರು ನಡುರಸ್ತೆಯಲ್ಲಿ ಬೈಕು ನಿಲ್ಲಿಸಿಕೊಂಡು ಮಾತಿಗೆ ನಿಂತಿದ್ದರು. ಹಾರ್ನ್ ಹೊಡೆದೆ. ಒಬ್ಬರು ತಿರುಗಿ, "ಹೆಣ್ಣಿನ ಮಾತು ನಡದೈತ್ರಿ, ಒಂದೀಟು ತಡೀರಿ" ಎಂದರು. ನನ್ನ ಕಂಡಕ್ಟರ್ ಖಾದರ್‌ಸಾಬ್ ಬಾಗಿಲಿನಿಂದ ಕತ್ತು ಹೊರಗೆ ಹಾಕಿ, "ಹುಡುಗಿ ಯಾವೂರಾಕಿ?" ಎಂದು ಕೇಳಿದ. ಅವರು ಊರ ಹೆಸರು ಹೇಳಿದರು. ಹಿಂದಿನ ಸೀಟಿನಲ್ಲಿದ್ದ ಅಜ್ಜಿ, "ಆ ಮನೀನ? ಛಲೋ ಮಂದಿ, ಮಾಡ್ಕೊಳ್ರಿ" ಎಂದು ಕಿಟಕಿಯಿಂದಲೇ ತೀರ್ಪು ಕೊಟ್ಟಳು. ಆಮೇಲೆ ದಾರಿ ಸಿಕ್ಕಿತು. ಖಾದರ್‌ಸಾಬ್ ನನಗಿಂತ ಚಿಕ್ಕವನು, ಬಾಯಿ ಮಾತ್ರ ದೊಡ್ಡದು. ಆದರೆ ನನ್ನ ಹಾರ್ನ್‌ನಿಂದ ಆಗದ ಎಷ್ಟೋ ಕೆಲಸ ಅವನ ಬಾಯಿಂದ ಆಗಿದೆ.

ಆ ಹೊತ್ತಿಗೆ ನಮ್ಮ ಡಿಪೋಗೆ ಬೆಂಗಳೂರು ಕಡೆಯ ಹೊಸ ಮ್ಯಾನೇಜರ್ ಬಂದಿದ್ದರು. ಅವರನ್ನು ಸಾಹೇಬರು ಎಂದಷ್ಟೇ ಕರೆಯುತ್ತೇನೆ. ಮನುಷ್ಯ ಕೆಟ್ಟವರಲ್ಲ. ರಸ್ತೆಯನ್ನು ಜೀಪಿನ ಹಿಂದಿನ ಸೀಟಿನಿಂದಲೇ ನೋಡಿದವರು, ಅಷ್ಟೇ. ರಸ್ತೆ ಸುರಕ್ಷತಾ ಸಪ್ತಾಹ ಬಂದಾಗ ಡಿಪೋದಲ್ಲಿ ಪೆಂಡಾಲ್ ಹಾಕಿಸಿ, 'ರಸ್ತೆಯಲ್ಲಿ ಸೌಜನ್ಯ' ಎಂಬ ವಿಷಯದ ಮೇಲೆ ನಮ್ಮ ಊಟದ ಹೊತ್ತು ದಾಟುವವರೆಗೂ ಮಾತಾಡಿದರು. ಕೊನೆಯಲ್ಲಿ ಒಬ್ಬೊಬ್ಬರಿಗೂ ಒಂದು ಗುಲಾಬಿ ಹೂವು ಕೊಟ್ಟರು. ಖಾದರ್‌ಸಾಬ್ ಅದನ್ನು ಕಿವಿಗೆ ಸಿಕ್ಕಿಸಿಕೊಂಡು ಡ್ಯೂಟಿಗೆ ಬಂದ.

ಅದೇ ಸಂಜೆ ಬ್ಯಾಡಗಿ ಕಡೆಯ ರೈಲ್ವೆ ಗೇಟಿನಲ್ಲಿ ನಿಂತಿದ್ದೆವು. ಗೇಟು ಮುಚ್ಚಿದರೆ ನಮ್ಮವರು ಸಾಲು ಹಿಡಿಯುವುದಿಲ್ಲ. ಈಚೆಯವರೂ ರಸ್ತೆ ತುಂಬ ನಿಲ್ಲುತ್ತಾರೆ, ಆಚೆಯವರೂ ರಸ್ತೆ ತುಂಬ ನಿಲ್ಲುತ್ತಾರೆ. ಗೇಟು ಎದ್ದ ಮೇಲೆ ಯಾರೂ ಎತ್ತಲೂ ಹೋಗಲಾಗುವುದಿಲ್ಲ. ಅಂದು ಗೇಟು ಎದ್ದಾಗ ನನ್ನ ಬಸ್ಸಿನ ಮೂತಿಗೆ ಮೂತಿ ಹಚ್ಚಿ, ಆಚೆಯಿಂದ ಬಂದು ನನ್ನ ಬದಿಯಲ್ಲಿ ಎಲ್ಲರಿಗಿಂತ ಮುಂದೆ ನುಗ್ಗಿಕೊಂಡು ನಿಂತಿದ್ದದ್ದು ನಮ್ಮ ಸಾಹೇಬರ ಜೀಪು. ಅವರು ತಲೆ ಹೊರಹಾಕಿ, "ಹಿಂದಕ್ಕೆ ತಗೊಳ್ರೀ" ಎಂದರು.

"ಹಿಂದ ಹ್ಯಾಂಗ ತಗೊಳ್ಳಲಿ ಸಾಹೇಬ್ರ, ಹಿಂದ ಅರ್ಧ ಬ್ಯಾಡಗಿ ನಿಂತೈತಿ" ಎಂದೆ.

ಖಾದರ್‌ಸಾಬ್ ಇಳಿದು ಹೋದ. ಕಿವಿಯ ಮೇಲಿನ ಗುಲಾಬಿ ತೆಗೆದು ಜೀಪಿನ ಕಿಟಕಿಯಲ್ಲಿ ಹಿಡಿದು, "ಮುಂಜಾನೆ ನೀವ ಕೊಟ್ಟಿದ್ರಿ. ಈಗ ನಿಮಗ ಬೇಕಾಗೈತಿ ಅನಸ್ತೈತಿ" ಎಂದ. ಸುತ್ತಲಿನ ಟ್ರ್ಯಾಕ್ಟರಿನವರು ನಕ್ಕರು. ಜೀಪು ಹಿಂದಕ್ಕೆ ಹೋಯಿತು. ಹೂವು ಕೊಟ್ಟವನು ಅವನು, ಮರುದಿನ ಮೆಮೊ ಬಂದದ್ದು ನನಗೆ.

ಇನ್ನು ನಾನು ಹೇಳಬೇಕೆಂದಿರುವ ಮುಖ್ಯ ಸಂಗತಿ. ಹಾವೇರಿಯಿಂದ ಅಗಡಿ ಕಡೆಗಿರುವ ಒಂದು ಹಳ್ಳಿಯ ಟ್ರಿಪ್ಪು ನನ್ನ ಪಾಲಿಗೆ ಬಂದಿತ್ತು. ಊರ ಹೆಸರು ಬೇಡ, ನಾನಿನ್ನೂ ಅಲ್ಲಿಗೆ ಊಟಕ್ಕೆ ಹೋಗುತ್ತಿರುತ್ತೇನೆ. ಅದೊಂದೇ ಬಸ್ಸು ಬೆಳಿಗ್ಗೆ ಊರಿನ ಹುಡುಗಿಯರನ್ನು ಹಾವೇರಿಯ ಕಾಲೇಜಿಗೆ ಒಯ್ಯುತ್ತಿತ್ತು, ಮಧ್ಯಾಹ್ನ ವಾಪಸು ತರುತ್ತಿತ್ತು. ಸುಗ್ಗಿಯಲ್ಲಿ ಆ ಊರವರು ಹುರುಳಿ ಗಿಡ ಕಿತ್ತು ತಂದು ಡಾಂಬರು ರಸ್ತೆಯ ಮೇಲೆ ಹರವುತ್ತಿದ್ದರು. ಗಾಡಿಗಳು ಅದರ ಮೇಲೆ ಹೋದಂತೆಲ್ಲ ಕಾಳು ಬೇರೆ, ಹೊಟ್ಟು ಬೇರೆ. ಎತ್ತು ಬೇಡ, ಕಣದಲ್ಲಿ ಉರುಳಿಸುವ ರೋಣಗಲ್ಲು ಬೇಡ, ಕೂಲಿಯಾಳೂ ಬೇಡ. ನಾನು ನನ್ನನ್ನು ಡ್ರೈವರ್ ಎಂದುಕೊಂಡಿದ್ದೆ. ಊರವರ ಲೆಕ್ಕದಲ್ಲಿ ನಾನು ಸರ್ಕಾರ ಪುಕ್ಕಟೆ ಕಳಿಸಿಕೊಟ್ಟ ರೋಣಗಲ್ಲು.

ಇದರಲ್ಲಿ ಅಪಾಯ ಇರಲಿಲ್ಲವೆಂದಲ್ಲ. ಹುರುಳಿ ಬಳ್ಳಿ ಬಸ್ಸಿನ ಕೆಳಗೆ ತಿರುಗುವ ಶಾಫ್ಟಿಗೆ ಸುತ್ತಿಕೊಂಡರೆ ಕಾದು ಹೊಗೆಯಾಡುತ್ತದೆ. ಹೊಟ್ಟಿನ ಮೇಲೆ ಬೈಕು ಜಾರುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು, ಗಾಡಿಗಳು ಜೋರಾಗಿ ನುಗ್ಗದಿರಲೆಂದು ಹರವಿದ ಬೆಳೆಯ ಎರಡೂ ತುದಿಗೆ ಇಡುವ ಕಲ್ಲು. ಬೆಳೆ ಎತ್ತಿಕೊಂಡು ಹೋಗುವವರಿಗೆ ಕಲ್ಲು ಎತ್ತಲು ನೆನಪಿರುವುದಿಲ್ಲ.

ಊರಿನ ಬಸವಣ್ಣೆಪ್ಪ ಈ ವಿದ್ಯೆಯಲ್ಲಿ ಎಲ್ಲರಿಗಿಂತ ಮುಂದು. ಬೆಳಿಗ್ಗೆ ನೋಡಿದರೆ ಆತನಂಥ ಸಭ್ಯ ಮನುಷ್ಯನಿಲ್ಲ. ಬಸ್ಸಿನ ಬಾಗಿಲು ಹಿಡಿದು, "ಮಾದೇವಣ್ಣಾರ, ಒಂದೀಟು ತಡೀರಿ, ನಮ್ಮ ಶಶಿಕಲಾ ಬರಾಕತ್ತಾಳ" ಎಂದು ಬೇಡಿಕೊಳ್ಳುತ್ತಿದ್ದ. ಪಿಯುಸಿ ಎರಡನೇ ವರ್ಷ ಓದುತ್ತಿದ್ದ ಮಗಳು ಒಂದು ಜಡೆ ಹಾಕಿಕೊಂಡು, ಇನ್ನೊಂದರ ರಿಬ್ಬನ್ ಹಲ್ಲಲ್ಲಿ ಕಚ್ಚಿಕೊಂಡು ಓಡಿ ಬರುತ್ತಿದ್ದಳು. ಮಧ್ಯಾಹ್ನ ಅದೇ ಹುಡುಗಿಯನ್ನು ಕರೆದುಕೊಂಡು ಹೋದರೆ ಅದೇ ಅಪ್ಪ ರಸ್ತೆಯ ಪೂರ್ತಿ ಅಗಲಕ್ಕೆ ಹುರುಳಿ ಹರವಿ, ಕಲ್ಲಿಟ್ಟು, ಸೊಂಟಕ್ಕೆ ಕೈಕೊಟ್ಟು ನಿಂತಿರುತ್ತಿದ್ದ. ಹಾರ್ನ್ ಹೊಡೆದರೆ, "ರಸ್ತಾ ನಿಮ್ಮಪ್ಪಂದೇನ್ರಿ?" ಎನ್ನುತ್ತಿದ್ದ.

"ನಮ್ಮಪ್ಪಂದಲ್ಲ. ನಿಮ್ಮಪ್ಪಂದೂ ಅಲ್ಲ" ಎಂದೆ ಒಮ್ಮೆ.

"ನಮ್ಮ ಹೊಲದ ಮುಂದ ಐತಿ ಅಂದಮ್ಯಾಲ ನಮ್ದ."

ಖಾದರ್‌ಸಾಬ್ ಬಿಡಲಿಲ್ಲ. "ಹಂಗಾರ ನಿಮ್ಮ ಹೊಲದ ಮ್ಯಾಲೆ ವಿಮಾನ ಹೋದ್ರ ನಿಲ್ಲಸ್ತೀರೇನ್ರಿ?"

"ನನ್ನ ಹುರಳಿಗೆ ಬಿಸಲು ತಪ್ಪಿಸಿದ್ರ ಅದನ್ನೂ ನಿಲ್ಲಸ್ತೇನಿ" ಎಂದ ಬಸವಣ್ಣೆಪ್ಪ.

ನಾನೇ ಇಳಿದು ಕಲ್ಲು ಸರಿಸಿ ಬಸ್ಸು ದಾಟಿಸಬೇಕಾಗುತ್ತಿತ್ತು. ಸ್ವಲ್ಪ ವೇಗವಾಗಿ ದಾಟಿಸಿದರೆ ಅದಕ್ಕೂ ಅವನ ಟೀಕೆ ಇರುತ್ತಿತ್ತು. "ಲಗೂ ಹೋಗಬ್ಯಾಡ್ರಿ, ಕಾಳು ಸಿಡೀತಾವ" ಎಂದು ಹಿಂದಿನಿಂದ ಕೂಗುತ್ತಿದ್ದ. ನನಗೆ ಗಾಡಿ ಕಲಿಸಿದ ಗುರುವೂ ಅಷ್ಟು ಬೈದಿರಲಿಲ್ಲ.

ಒಂದು ದಿನ ಬಳ್ಳಿ ಸುತ್ತಿಕೊಂಡು ಬಸ್ಸಿನಡಿ ಹೊಗೆ ಎದ್ದಿತು. ಪ್ರಯಾಣಿಕರು ಕಿಟಕಿಯಿಂದ ಹಾರಿದರು. ನೀರು ಸುರಿದು ಆರಿಸಿದೆವು. ಸಾಹೇಬರು ಕೆಂಡವಾದರು. ಇನ್ನು ಮೇಲೆ ಬೆಳೆ ಕಂಡರೆ ಬಸ್ಸು ಮುಂದೆ ಹೋಗಕೂಡದು, ಅಲ್ಲಿಂದಲೇ ತಿರುಗಿಸಿಕೊಂಡು ಬರಬೇಕು ಎಂದು ಹುಕುಂ ಮಾಡಿದರು. ಊರವರು ಗುಂಪುಗೂಡಿ ಹಾವೇರಿಗೆ ಹೋಗಿ ಸಾಹೇಬರ ಮೇಲಿನವರಿಗೆ ದೂರಿದರು. ಮೇಲಿನವರು ಫೋನಿನಲ್ಲಿ ಏನು ಅಂದರೋ ತಿಳಿಯದು, ಮರುದಿನ ಸಾಹೇಬರು ನಮ್ಮನ್ನೆಲ್ಲ ಡಿಪೋ ಗೇಟಿನ ಹತ್ತಿರ ನಿಲ್ಲಿಸಿ ಬೇರೆಯದೇ ಭಾಷಣ ಮಾಡಿದರು. "ರೈತರು ನಮ್ಮ ಅನ್ನದಾತರು. ಅವರು ರಸ್ತೆ ಮೇಲೆ ಏನೇ ಹರವಿದ್ರೂ ಸಹಕಾರ ಕೊಡಿ. ನಿಧಾನವಾಗಿ ಅದರ ಮೇಲೇ ಬಸ್ ತಗೊಂಡು ಹೋಗಿ" ಎಂದರು. ನಾವು ಹಳಬರು ತಲೆಯಾಡಿಸಿದೆವು. ಅವರು ಹೇಳಿದ್ದು ಹುರುಳಿಯ ವಿಷಯ ಎಂದು ನಮಗೆ ಗೊತ್ತಿತ್ತು.

ಗೊತ್ತಿಲ್ಲದವನು ಒಬ್ಬನಿದ್ದ. ಮೈಸೂರು ಕಡೆಯಿಂದ ಹೊಸದಾಗಿ ವರ್ಗವಾಗಿ ಬಂದ ನಂಜುಂಡ. ಅವನಷ್ಟು ಸೌಜನ್ಯದ ಡ್ರೈವರನ್ನು ನಾನು ನೋಡಿಲ್ಲ. ಕೋಳಿ ಅಡ್ಡ ಬಂದರೂ ನಿಲ್ಲಿಸಿ, ಅದು ಮನಸ್ಸು ಮಾಡಿ ದಾಟುವವರೆಗೂ ಕಾಯುತ್ತಿದ್ದ. ನನ್ನ ವಾರದ ರಜೆಯ ದಿನ ಹಳ್ಳಿಯ ಟ್ರಿಪ್ಪಿಗೆ ನನ್ನ ಕಂಡಕ್ಟರ್ ಜೊತೆ ಅವನನ್ನು ಹಾಕಿದರು.

ಅಂದು ರಸ್ತೆಯ ಮೇಲಿದ್ದದ್ದು ಹುರುಳಿಯಲ್ಲ, ಬಸವಣ್ಣೆಪ್ಪನ ಮೆಣಸಿನಕಾಯಿ. ಬ್ಯಾಡಗಿ ಪೇಟೆಗೆ ಒಯ್ಯುವ ಮೊದಲು ಕಾದ ಡಾಂಬರಿನ ಮೇಲೆ ಕೊನೆಯ ಬಿಸಿಲಿಗೆ ಹರವಿದ್ದ. ನಮ್ಮ ಮೆಣಸಿನಕಾಯಿಯ ಬೆಲೆಯೆಲ್ಲ ಅದರ ಸುಕ್ಕು, ಬಣ್ಣ, ತೊಟ್ಟು ಇವುಗಳಲ್ಲಿದೆ. ಒಡೆದು ಬೀಜ ಚೆಲ್ಲಿತೆಂದರೆ ಪೇಟೆಯಲ್ಲಿ ಯಾರೂ ಮೂಸುವುದಿಲ್ಲ. ಹುರುಳಿಯ ಮೇಲೆ ಹೋಗಬೇಕು, ಮೆಣಸಿನಕಾಯಿಯನ್ನು ಸುತ್ತು ಹಾಕಿ ಹೋಗಬೇಕು. ಇದನ್ನು ನಮ್ಮ ಕಡೆ ಯಾರೂ ಯಾರಿಗೂ ಹೇಳಿಕೊಡುವುದಿಲ್ಲ. ಹಾಗಾಗಿ ನಂಜುಂಡನಿಗೂ ಯಾರೂ ಹೇಳಿರಲಿಲ್ಲ.

ಅವನು ಗೇರ್ ಇಳಿಸಿ, ಅಲುಗದಂತೆ, ಈ ತುದಿಯಿಂದ ಆ ತುದಿಯವರೆಗೆ ನೇರವಾಗಿ ಬಸ್ಸು ದಾಟಿಸಿದ. ಅಷ್ಟು ಸಭ್ಯವಾಗಿ ಯಾರೂ ಯಾರ ಹೊಟ್ಟೆಯ ಮೇಲೂ ಹೊಡೆದಿರಲಿಕ್ಕಿಲ್ಲ. ಹೊಲದಿಂದ ಬಸವಣ್ಣೆಪ್ಪ ಎರಡೂ ಕೈ ಬೀಸುತ್ತ ಓಡಿ ಬಂದ. ಇನ್ನೊಂದು ಸಲ ಹೋಗು ಎನ್ನುತ್ತಿದ್ದಾನೆ ಎಂದು ತಿಳಿದು ನಂಜುಂಡ ರಿವರ್ಸ್ ಹಾಕಿದ. ಬಂದ ದಾರಿಯಲ್ಲೇ ಹಿಂದಕ್ಕೆ, ಅಷ್ಟೇ ನಿಧಾನವಾಗಿ, ಪೂರ್ತಿ ಬಂದ. ಹಿಂದೆ ಟಿಕೇಟು ಹರಿಯುತ್ತಿದ್ದ ಖಾದರ್‌ಸಾಬ್ ಸೀಟಿ ಊದಿ ನಿಲ್ಲಿಸಬೇಕೆಂದರೆ ಬಸ್ಸಿನೊಳಗೆ ಖಾರ ಎದ್ದು ಎಲ್ಲರೂ ಸೀನುತ್ತಿದ್ದರು, ಅವನೂ ಸೀನುತ್ತಿದ್ದ.

ಊರವರು ಗಾಲಿಗಳ ಗಾಳಿ ಬಿಟ್ಟರು. ನಂಜುಂಡನನ್ನು ಕಟ್ಟೆಯ ಮೇಲೆ ಕೂರಿಸಿ ಒಂದು ತಂಬಿಗೆ ನೀರು ಕೊಟ್ಟು, ಅವನು ಕುಡಿದು ಮುಗಿಸಿದ ಮೇಲೆ ಬೈಯಲು ಶುರುಮಾಡಿದರು. "ಸಾಹೇಬ್ರು ಹೇಳಿದ್ರು, ಅದಕ್ಕೇ ಹೋದೆ" ಎಂದಷ್ಟೇ ಅವನು ಹೇಳುತ್ತಿದ್ದ. ಸಂಜೆ ಸುದ್ದಿ ಡಿಪೋಗೆ ಬಂತು. ಬಸ್ಸಿಗೆ ಕೈ ಹಚ್ಚಿದ ಊರಿಗೆ ಬಸ್ಸೇ ಇಲ್ಲ ಎಂದು ಸಾಹೇಬರು ಟ್ರಿಪ್ಪು ನಿಲ್ಲಿಸಿಬಿಟ್ಟರು.

ಪಿಯುಸಿ ಪರೀಕ್ಷೆ ಹತ್ತಿರ ಬಂದಿತ್ತು. ಹುಡುಗಿಯರು ದೊಡ್ಡ ರಸ್ತೆಯವರೆಗೆ ನಡೆದು, ಸಿಕ್ಕ ಟೆಂಪೋದಲ್ಲಿ ಜೋತುಬಿದ್ದು ಕಾಲೇಜಿಗೆ ಬರತೊಡಗಿದರು. ಕೆಲವರು ಬರುವುದನ್ನೇ ಬಿಟ್ಟರು. ಒಂದು ದಿನ ಶಶಿಕಲಾ ಹಾವೇರಿ ನಿಲ್ದಾಣದಲ್ಲಿ ನನ್ನನ್ನು ಹುಡುಕಿಕೊಂಡು ಬಂದಳು.

"ಕಾಕಾ, ನಮ್ಮೂರಿಗೆ ಬಸ್ಸು ಯಾವಾಗ ಬರ್ತೈತಿ?"

"ನಿಮ್ಮಪ್ಪ ರಸ್ತಾ ಬಿಟ್ಟಾಗ, ಇಲ್ಲಾ ನಮ್ಮ ಸಾಹೇಬ್ರು ಸಿಟ್ಟು ಬಿಟ್ಟಾಗ."

"ಇಬ್ರೂ ಬಿಡಂಗಿಲ್ರಿ. ಟೆಂಪೋದಾಗ ಜೋತುಬಿದ್ದು ಹೋಗೂದು ಬ್ಯಾಡ, ಬಸ್ಸು ಇಲ್ಲಂದ್ರ ಸಾಲೀನೂ ಇಲ್ಲ ಅಂದಾನ ಅಪ್ಪ. ನಮ್ಮತ್ತಿ ಒಂದು ಗಂಡು ನೋಡಿ ಇಟ್ಟಾಳ. ಅಪ್ಪ ರಸ್ತಾ, ಸಾಹೇಬ್ರು ಸಿಟ್ಟು ಬಿಡಲಿ ಬಿಡದಿರಲಿ, ಪರೀಕ್ಷಾ ಬಿಡಾಕಿ ಮಾತ್ರ ನಾನ."

ಹುಡುಗಿ ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಹೇಳಿ ಕಳಿಸುತ್ತಿದ್ದೆ. ನನಗೆ ಬಹಳ ಸಂಕಟವಾಯಿತು, ಬಸವಣ್ಣೆಪ್ಪನ ಮೇಲೂ ಸಾಹೇಬರ ಮೇಲೂ ಒಟ್ಟಿಗೇ ಸಿಟ್ಟು ಬಂತು. ನೇರವಾಗಿ ಡಿಪೋಗೆ ಹೋಗಿ, "ಸಾಹೇಬ್ರ, ಊರಿಗೆ ಒಮ್ಮೆ ಹೋಗಿ ಬರೂಣ್ರಿ" ಎಂದೆ.

"ಅವರೇ ಇಲ್ಲಿಗೆ ಬಂದು ಕ್ಷಮೆ ಕೇಳಲಿ."

"ಹಾಳಾದ ಮೆಣಸಿನಕಾಯಿ ಅವರವು, ಕ್ಷಮಾನೂ ಅವರ ಕೇಳಬೇಕೇನ್ರಿ? ಬರತಾರ ಬಿಡ್ರಿ, ಆದ್ರ ಇಲ್ಲಿಗಲ್ಲ. ಮೊನ್ನಿ ಹೋದಲ್ಲಿಗೇ ಮತ್ತ ಹೋಗತಾರ."

ಮೇಲಿನವರ ಫೋನು ಅವರಿಗೂ ನೆನಪಾಗಿರಬೇಕು. ಮರುದಿನ ಬೆಳಿಗ್ಗೆ ಜೀಪು ಹೊರಟಿತು, ಓಡಿಸಿದವನು ನಾನು.

ನಾವು ಬರುವ ಸುದ್ದಿ ನಮಗಿಂತ ಮೊದಲೇ ಊರು ಮುಟ್ಟಿತ್ತು. ಬಸವಣ್ಣೆಪ್ಪ ಉಳಿದಿದ್ದ ಹುರುಳಿಯನ್ನೆಲ್ಲ ತಂದು ರಸ್ತೆಯ ತುಂಬ ಹರವಿ, ಎಂದಿಗಿಂತ ದೊಡ್ಡ ಕಲ್ಲುಗಳನ್ನಿಟ್ಟಿದ್ದ. ಅತ್ತ ಊರವರು, ಇತ್ತ ನಾವಿಬ್ಬರು, ನಡುವೆ ಹುರುಳಿ.

"ಮೊದಲು ರಸ್ತೆ ಬಿಡಿ, ಆಮೇಲೆ ಬಸ್ಸಿನ ಮಾತು" ಎಂದರು ಸಾಹೇಬರು.

"ಮೊದಲ ತಪ್ಪಾತು ಅನ್ರಿ, ಆಮ್ಯಾಲೆ ರಸ್ತಾದ ಮಾತು" ಎಂದ ಬಸವಣ್ಣೆಪ್ಪ.

ಇದನ್ನೇ ಇಬ್ಬರೂ ದನಿ ಏರಿಸುತ್ತ ಹೇಳಿದರು. ರೈಲ್ವೆ ಗೇಟಿನಲ್ಲಿ ಮೂತಿಗೆ ಮೂತಿ ಹಚ್ಚಿ ನಿಂತದ್ದು ನೆನಪಾಯಿತು. ಗುಲಾಬಿ ಕೊಡಲು ಖಾದರ್‌ಸಾಬ್ ಕೂಡ ಜೊತೆಗಿರಲಿಲ್ಲ.

ಆಗ ಶಶಿಕಲಾ ಬಂದಳು. ಹೆಗಲಲ್ಲಿ ಕಾಲೇಜಿನ ಚೀಲ, ಕೈಯಲ್ಲಿ ಕಸಬರಿಗೆ. ಯಾರ ಮುಖವನ್ನೂ ನೋಡಲಿಲ್ಲ. ಒಂದೊಂದೇ ಕಲ್ಲನ್ನು ಉರುಳಿಸಿ ಗಟಾರಕ್ಕೆ ಹಾಕಿದಳು. ಆಮೇಲೆ ಹುರುಳಿಯನ್ನು ರಸ್ತೆಯ ನಡುವಿನಿಂದ ಒಂದು ಬದಿಗೆ ಬಳಿಯತೊಡಗಿದಳು.

"ಏ ಶಶಿ, ಏನ್ ಮಾಡಾಕತ್ತೀದಿ?" ಎಂದ ಅಪ್ಪ.

"ನನ್ನ ಪಾಲಿನ ರಸ್ತಾ ತಗೊಳ್ಳಾಕತ್ತೇನಿ. ಉಳಿದ ಅರ್ಧ ನಿಂದು, ಹುರಳಿ ಹಾಕ್ಕೋ" ಎಂದಳು. ಬಳಿಯುತ್ತ ಬಳಿಯುತ್ತ ಜೀಪಿನವರೆಗೆ ಬಂದು, ಬೆವರು ಒರೆಸಿಕೊಂಡು ಸಾಹೇಬರ ಕಡೆ ತಿರುಗಿದಳು. "ಸರ್, ನಮ್ಮ ಅರ್ಧ ಆತ್ರಿ. ಇನ್ನ ನಿಮ್ಮ ಅರ್ಧ ಮಾಡ್ರಿ."

ಸಾಹೇಬರು ನನ್ನ ಮುಖ ನೋಡಿದರು. ಸೌಜನ್ಯದ ಮೇಲೆ ಅಷ್ಟು ಹೊತ್ತು ಮಾತಾಡಬಲ್ಲವರಿಗೆ ಅದನ್ನು ಮಾಡಿ ರೂಢಿಯಿರಲಿಲ್ಲ. "ಅಂದುಬಿಡ್ರಿ ಸಾಹೇಬ್ರ, ಬಾಯೇನು ಸುಡಂಗಿಲ್ಲ" ಎಂದು ಪಿಸುಗುಟ್ಟಿದೆ. ಅವರು ಕಲ್ಲು ಎತ್ತಿದ ಜಾಗದಿಂದ ಮುಂದೆ ನಡೆದು ಹೋಗಿ ಬಸವಣ್ಣೆಪ್ಪನ ಎದುರಿಗೆ ನಿಂತರು. "ತಪ್ಪಾಯ್ತು ಯಜಮಾನ್ರೇ. ಏನೇ ಹರವಿದ್ರೂ ಅದರ ಮೇಲೆ ಹೋಗಿ ಅಂತ ಹೇಳಿದ್ದು ನಾನು. ಆ ಹುಡುಗ ನಂಜುಂಡನದ್ದೇನೂ ತಪ್ಪಿಲ್ಲ" ಎಂದರು. ನಿಜ ಹೇಳುತ್ತೇನೆ, ಆ ಕ್ಷಣದಲ್ಲಿ ನನಗೆ ಅವರ ಮೇಲೆ ಗೌರವ ಹುಟ್ಟಿತು. ಮೆಮೊ ಮರೆತೆ.

ಜಗಳಕ್ಕೆ ತಯಾರಾಗಿ ಬಂದಿದ್ದ ಊರವರಿಗೆ ದಿಕ್ಕು ತೋಚದಂತಾಯಿತು. ಅಧಿಕಾರಿಯೊಬ್ಬರು ತಪ್ಪಾಯಿತು ಎಂದರೆ ಮುಂದೇನು ಮಾಡಬೇಕೆಂದು ಯಾರಿಗೂ ಗೊತ್ತಿರಲಿಲ್ಲ. "ಏ ಬಿಡ್ರಿ ಸಾಹೇಬ್ರ, ಮೆಣಸಿನಕಾಯಿ ಮತ್ತ ಬೆಳೀತಾವು. ಬಿಸಲಾಗ ಯಾಕ ನಿಂತೀರಿ, ಬರ್ರಿ, ಕುಂದ್ರಿ" ಎಂದು ಬಸವಣ್ಣೆಪ್ಪ ತಾನೇ ಕೈ ಹಿಡಿದು ಕಟ್ಟೆಗೆ ಕರೆದೊಯ್ದ. ಮಂಡಕ್ಕಿ ಬಂತು, ಮಿರ್ಚಿ ಭಜಿ ಬಂತು. ಮೊದಲ ಮಿರ್ಚಿ ಕಚ್ಚಿದಾಗ ಸಾಹೇಬರ ಕಣ್ಣಲ್ಲಿ ನೀರಾಡಿತು. ಅದು ಪಶ್ಚಾತ್ತಾಪದ್ದೆಂದು ಊರವರು ಇಂದಿಗೂ ನಂಬಿದ್ದಾರೆ, ನಾನು ತಿದ್ದಲು ಹೋಗಿಲ್ಲ.

ಅಂದು ಕಟ್ಟೆಯ ಮೇಲೆ ಆದ ಮಾತು ಇಷ್ಟು. ಅರ್ಧ ರಸ್ತೆ ಬೆಳೆಗೆ, ಅರ್ಧ ಗಾಡಿಗೆ. ಕಲ್ಲು ಇಡುವ ಹಾಗಿಲ್ಲ. ಹುರುಳಿಯ ಯಜಮಾನ ಟವೆಲ್ ಬೀಸಿದರೆ ಬಸ್ಸು ಒಂದು ಬದಿಯ ಗಾಲಿಯನ್ನು ಅದರ ಮೇಲೆ ಹೊರಳಿಸಿ ಹೋಗಬೇಕು. ಮೆಣಸಿನಕಾಯಿ ಇದ್ದರೆ ದೂರದಿಂದಲೇ ಸುತ್ತು ಹಾಕಬೇಕು. ಇದು ಯಾವ ಕಾನೂನಿನಲ್ಲೂ ಇಲ್ಲ. ರಸ್ತೆಯ ಮೇಲೆ ಒಕ್ಕುವುದೇ ತಪ್ಪು ಎಂದು ನೀವು ಹೇಳಿದರೆ ಒಪ್ಪುತ್ತೇನೆ. ಆದರೆ ಆ ಊರಲ್ಲಿ ಆಮೇಲೆ ಹೊಗೆ ಎದ್ದದ್ದನ್ನೂ, ಕಲ್ಲಿಗೆ ಡಿಕ್ಕಿ ಹೊಡೆದು ಬಿದ್ದವರನ್ನೂ ನಾನು ಕಂಡಿಲ್ಲ. ನಂಜುಂಡ ಮಾತ್ರ ಹೆದರಿಕೊಂಡು, ರಸ್ತೆಯ ಮೇಲೆ ಏನು ಕಂಡರೂ ಇಳಿದು ಹೋಗಿ, "ಹೋಗ್ಲಾ, ಬೇಡ್ವಾ?" ಎಂದು ಕೇಳುವುದನ್ನು ರೂಢಿ ಮಾಡಿಕೊಂಡ. ಜನ ಮೊದಲು ನಕ್ಕರು, ಆಮೇಲೆ ಅವನಿಗೇ ಹೆಚ್ಚು ಮರ್ಯಾದೆ ಕೊಟ್ಟರು. ಅವನ ಬಸ್ಸು ಬಂದರೆ ಕುರಿಯವರೂ ಕೂಡಲೇ ದಾರಿ ಬಿಡುತ್ತಿದ್ದರು.

ಬಸ್ಸು ಮತ್ತೆ ಶುರುವಾಯಿತು. ಪರೀಕ್ಷೆಯ ಮೊದಲ ದಿನ ನಾನು ಊರು ಮುಟ್ಟಿದಾಗ ಬಸವಣ್ಣೆಪ್ಪ ರಸ್ತೆಯ ಮೇಲೆ ಕೋಲು ಹಿಡಿದು ಓಡಾಡುತ್ತಿದ್ದ. ಇನ್ಯಾರದೋ ಎಮ್ಮೆ, ಇನ್ಯಾರದೋ ಚಕ್ಕಡಿ, ಎಲ್ಲವನ್ನೂ ಬದಿಗೆ ಅಟ್ಟುತ್ತಿದ್ದ. "ತಗೀರಿ ಲಗೂ, ಮಗಳ ಪರೀಕ್ಷಾ ಐತಿ. ರಸ್ತಾ ನಿಮ್ಮಪ್ಪಂದೇನು?" ಎಂದು ಊರವರನ್ನು ಕೇಳುತ್ತಿದ್ದ. ಖಾದರ್‌ಸಾಬ್ ಟಿಕೇಟು ಹರಿಯುವುದನ್ನು ಬಿಟ್ಟು ನಕ್ಕ. ಶಶಿಕಲಾ ಎರಡೂ ಜಡೆ ಪೂರ್ತಿ ಹಾಕಿಕೊಂಡು ಬಂದು ಹತ್ತಿದಳು.

ಕೆಲವು ವರ್ಷಗಳ ನಂತರ ನಾನು ನಿವೃತ್ತನಾದೆ. ಅಷ್ಟರಲ್ಲಿ ಮೋಟೆಬೆನ್ನೂರಿನ ಕಡೆ ಹೆದ್ದಾರಿ ಅಗಲವಾಗಿತ್ತು. ಕಾರಿನವರು ಎದುರಿಗೆ ಬರುವವರ ಮುಖವನ್ನೂ ನೋಡದೆ ಹಾರಿಹೋಗುತ್ತಿದ್ದರು. ಕೊನೆಯ ದಿನ ಯಾವ ಟ್ರಿಪ್ಪು ಬೇಕು ಎಂದು ಡಿಪೋದಲ್ಲಿ ಕೇಳಿದಾಗ ಆ ಹಳ್ಳಿಯದನ್ನೇ ಕೇಳಿ ಪಡೆದೆ.

ಊರ ಹತ್ತಿರ ಬರುತ್ತಲೇ ಬ್ರೇಕ್ ಒತ್ತಿದೆ. ರಸ್ತೆಯ ಈ ಅಂಚಿನಿಂದ ಆ ಅಂಚಿನವರೆಗೆ ಹುರುಳಿ. ಒಂದು ಅಡಿ ಜಾಗವನ್ನೂ ಬಿಟ್ಟಿರಲಿಲ್ಲ. ಕೊನೆಯ ದಿನವೂ ಈ ಮುದುಕ ಹಳೇ ಚಾಳಿ ಬಿಡಲಿಲ್ಲವಲ್ಲ ಎಂದು ಸಿಟ್ಟು ನೆತ್ತಿಗೇರಿತು. ಬಸ್ಸು ನಿಲ್ಲಿಸಿ ಇಳಿದೆ. ಬಸವಣ್ಣೆಪ್ಪ ಟವೆಲ್ ಹಿಡಿದು ನಿಂತಿದ್ದ. ಅವನ ಹಿಂದೆ ಊರೇ ನಿಂತಿತ್ತು.

"ಒಪ್ಪಂದ ಮರತ್ರ್ಯಾ? ಅರ್ಧ ರಸ್ತಾ ಅಂತ ಆಗಿತ್ತು" ಎಂದೆ.

"ಮರತಿಲ್ರಿ ಮಾದೇವಣ್ಣಾರ. ಕಲ್ಲು ಐತೇನು ನೋಡ್ರಿ" ಎಂದ. ನೋಡಿದೆ. ಒಂದೂ ಇರಲಿಲ್ಲ. "ಇದು ನನ್ನ ಹುರಳಿ ಅಲ್ರಿ. ನಿಮ್ಮ ಗಾಲಿ ಕಡೀ ಸಲ ಹೊರಳಲಿ ಅಂತ ಊರಾಗ ಎಲ್ಲಾರೂ ಮನಿಗೊಂದು ಹೊರಿ ತಂದು ಹಾಕ್ಯಾರ."

ಗುಂಪಿನಿಂದ ಶಶಿಕಲಾ ಮುಂದೆ ಬಂದಳು. ಈಗ ರಾಣೆಬೆನ್ನೂರಿನ ಕಡೆ ಒಂದು ಸಾಲೆಯಲ್ಲಿ ಟೀಚರು. ಅಂದು ರಜೆ ಹಾಕಿ ಬಂದಿದ್ದಳು. ಸೀರೆಗೆ ಹುರುಳಿ ಹೊಟ್ಟು ಅಂಟಿತ್ತು.

"ಮೊದಲನೇ ಹೊರಿ ನಂದ ಕಾಕಾ" ಎಂದಳು. "ಅವತ್ತ ಬಳದಿದ್ದೆ, ಇವತ್ತ ಹರವೇನಿ."

ಹೋಗಿ ಸೀಟಿನಲ್ಲಿ ಕುಳಿತೆ. ಖಾದರ್‌ಸಾಬ್ ಸೀಟಿ ಊದಿದ. ಫಸ್ಟ್ ಗೇರಿನಲ್ಲಿ ಬಸ್ಸು ಹುರುಳಿಯ ಮೇಲೆ ಹತ್ತಿತು, ಗಾಲಿಯ ಕೆಳಗೆ ಕಾಯಿ ಒಡೆಯುವ ಚಟಚಟ ಸದ್ದು ಶುರುವಾಯಿತು. ಹಿಂದಿನಿಂದ ಬಸವಣ್ಣೆಪ್ಪ ಅದೇ ಹಳೆಯ ದನಿಯಲ್ಲಿ ಕೂಗಿದ.

"ಲಗೂ ಹೋಗಬ್ಯಾಡ್ರಿ."

ನಾನು ಎಂದೂ ಅಷ್ಟು ನಿಧಾನವಾಗಿ ಬಸ್ಸು ಓಡಿಸಿರಲಿಲ್ಲ.